ಓದುಗರ ಪ್ರಶ್ನೆ: ಬೇಸ್ ಕಲಿಯೋಕೆ ಮೊದಲು ಯಾರನ್ನು ಕೇಳಬೇಕು? ಗಿಟಾರ್ ಮೊದಲು ಕಲೀಲೇಬೇಕಾ?

ಪ್ರಶ್ನೆ: "ಸರ್, ನಾ ಕಲಬುರಗಿಯಾಂವ, ಡಿಗ್ರಿ ಓದ್ಲಿಕತ್ತೀನಿ. ಬೇಸ್ ಗಿಟಾರ್ ಮ್ಯಾಲೆ ಭಾಳ ಮನಸ್ಸಾಗ್ಯದ. ಶುರುವಾತಿಗೆ ಯಾರ ಬೇಸ್ ಕೇಳಬೇಕು? ನಮ್ಮ ಕ್ಲಾಸಿನ ಸರ್ ಮೊದ್ಲು ಆರು ತಂತೀದು ಕಲಿ, ಆಮ್ಯಾಲೆ ಬೇಸ್ ತಾನಾಗೇ ಬರ್ತದ ಅಂತಾರ. ಖರೇನಾ?"

ಖರೇ ಅಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಪ್ರಶ್ನೆ ಮಾತ್ರ ಊರು ಬದಲಿಸಿಕೊಂಡು ಮತ್ತೆ ಬರುತ್ತದೆ. ಇವತ್ತು ಬೀದರಿನ ಚರ್ಚ್ ಕ್ವಾಯರ್‌ನ ಹುಡುಗ ಕೇಳಿದರೆ ನಾಳೆ ಯಾದಗಿರಿಯ ಆರ್ಕೆಸ್ಟ್ರಾದವರು ಕೇಳುತ್ತಾರೆ. ಆದ್ದರಿಂದ ಈ ಸಲ ಉದ್ದಕ್ಕೇ ಬರೆಯುತ್ತೇನೆ. ಮುಂದೆ ಯಾರಾದರೂ ಕೇಳಿದರೆ ಇದನ್ನೇ ಕಳಿಸಿ.

ಮೊದಲು ಯಾರನ್ನು ಕೇಳಬೇಕು ಅನ್ನುವುದಕ್ಕೆ ಉತ್ತರ ಸಣ್ಣದು. ನಿಮಗೆ ಪಲ್ಲವಿಯಿಂದ ಕೊನೆಯ ಚರಣದವರೆಗೆ ಬಾಯಿಪಾಠ ಇರುವ ಹಾಡಿನಲ್ಲಿ ಬೇಸ್, ಅಂದರೆ ನಾಲ್ಕು ತಂತಿಯ ಕೆಳಸ್ಥಾಯಿ ಗಿಟಾರ್, ನುಡಿಸಿದವರನ್ನು ಮೊದಲು ಕೇಳಿ. ಅವರ ಹೆಸರು ಗೊತ್ತಿರಬೇಕು ಅಂತಿಲ್ಲ. ಬಾಯಿಪಾಠದ ಹಾಡೇ ಯಾಕೆ ಅಂದರೆ, ಹಾಡು ಹೊಸದಾದರೆ ಕಿವಿ ಗಾಯಕನ ಹಿಂದೆ ಹೋಗಿಬಿಡುತ್ತದೆ, ಕೆಳಗೆ ಏನು ನಡೆದಿದೆ ಅನ್ನುವುದು ಕೇಳಿಸುವುದೇ ಇಲ್ಲ. ಹಾಡು ಗೊತ್ತಿದ್ದರೆ ಕಿವಿಗೆ ಬಿಡುವು ಸಿಗುತ್ತದೆ.

ಕನ್ನಡದವರಿಗೆ ಇಲ್ಲೊಂದು ಅನುಕೂಲವಿದೆ. ಇಳಯರಾಜಾ ಸಂಗೀತದ 'ಗೀತಾ' (1981) ಮತ್ತು 'ಪಲ್ಲವಿ ಅನುಪಲ್ಲವಿ' (1983) ಚಿತ್ರಗಳ ಹಾಡುಗಳು ಗೊತ್ತಿಲ್ಲದ ಮನೆ ಕಡಿಮೆ. ಇಳಯರಾಜಾ ಪ್ರತಿಯೊಂದು ವಾದ್ಯದ ಭಾಗವನ್ನೂ ಸ್ವರಲಿಪಿಯಲ್ಲಿ ಬರೆದುಕೊಡುವವರು, ಬೇಸ್‌ನದೂ ಸೇರಿ. ಅದಕ್ಕೇ ಅವರ ಹಾಡುಗಳಲ್ಲಿ ಬೇಸ್ ಬರೀ ಆಧಾರ ಸ್ವರ ಒತ್ತಿಕೊಂಡು ಕೂರದೆ, ಗಾಯಕರ ಕೆಳಗೆ ಇನ್ನೊಂದು ರಾಗಧಾಟಿಯನ್ನೇ ಹಾಡುತ್ತಿರುತ್ತದೆ. ಅವರ ತಂಡದಲ್ಲಿ ವರ್ಷಾನುಗಟ್ಟಲೆ ಬೇಸ್ ಹಿಡಿದವರು ಶಶಿಧರನ್. ಎ. ಆರ್. ರೆಹಮಾನ್ ಹಾಡುಗಳನ್ನು ಕೇಳಿ ಬೆಳೆದವರು ಚೆನ್ನೈನ ಕೀತ್ ಪೀಟರ್ಸ್ ಅವರಿಂದ ಶುರು ಮಾಡಬಹುದು. ಅಪ್ಪ, ಚಿಕ್ಕಪ್ಪಂದಿರ ಕ್ಯಾಸೆಟ್ಟಿನ ಆರ್. ಡಿ. ಬರ್ಮನ್ ಕಿವಿಯಲ್ಲಿ ಕೂತಿದ್ದರೆ ಆ ತಂಡದ ಟೋನಿ ವಾಜ್ ಇದ್ದಾರೆ. ಇವರಲ್ಲಿ ಯಾರಿಂದ ಶುರು ಮಾಡಿದರೂ ಸರಿ.

ಆದರೆ ದಯವಿಟ್ಟು ಮೊಬೈಲಿನ ಸ್ಪೀಕರ್‌ನಲ್ಲಿ ಕೇಳಬೇಡಿ. ಬೇಸ್‌ನ ನಾಲ್ಕು ಖಾಲಿ ತಂತಿಗಳು ಇ, ಎ, ಡಿ, ಜಿ. ಅವುಗಳ ಕಂಪನ ಸುಮಾರು 41, 55, 73 ಮತ್ತು 98 ಹರ್ಟ್ಜ್. ಮೊಬೈಲಿನ ಪುಟ್ಟ ಸ್ಪೀಕರ್ 200-300 ಹರ್ಟ್ಜ್‌ಗಿಂತ ಕೆಳಗೆ ಸದ್ದು ಮಾಡುವುದು ಅಷ್ಟಕ್ಕಷ್ಟೇ. ನಿಮಗೆ ಕೇಳಿಸುವುದು ಬೇಸ್‌ನ ಮೇಲಿನ ಅನುಸ್ವರಗಳು (ಮೂಲಸ್ವರದ ಜೊತೆಗೇ ಹುಟ್ಟುವ ಎತ್ತರದ ಸ್ವರಗಳು) ಮಾತ್ರ, ಅದರ ಮೇಲೆ ಮೂಲಸ್ವರವನ್ನು ಮಿದುಳು ಊಹಿಸಿಕೊಳ್ಳುತ್ತದೆ. ವೈರ್ ಇರುವ ಸಾದಾ ಇಯರ್‌ಫೋನ್ ಸಾಕು. ಬ್ಲೂಟೂತ್‌ನದು ಕೇಳಲು ನಡೆಯುತ್ತದೆ, ಹಾಡಿನ ಜೊತೆ ನುಡಿಸಲು ಆಗದು. ಅದರಲ್ಲಿ ಸದ್ದು ಕಿವಿಗೆ ಬರುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು ತಡವಾಗಿರುತ್ತದೆ. ತಾಳ ತಪ್ಪುತ್ತಿದ್ದೇನೆ ಅಂತ ಕೈಯನ್ನು ಬೈದುಕೊಳ್ಳುವ ಎಷ್ಟೋ ಹುಡುಗರ ಸಮಸ್ಯೆ ಇರುವುದು ಬ್ಲೂಟೂತ್‌ನಲ್ಲಿ.

ಗಣಪತಿ ಮೆರವಣಿಗೆಯ ಡಿಜೆಯಲ್ಲಿ ಎದೆ ನಡುಗಿಸುತ್ತದಲ್ಲ, ಅದನ್ನೂ ನಮ್ಮ ಕಡೆ ಬೇಸ್ ಅಂತಲೇ ಕರೆಯುತ್ತಾರೆ. ಅದು ಸಬ್‌ವೂಫರಿನ ಒತ್ತಡ. ನುಡಿಸಿದ್ದು ಯಾವ ಸ್ವರ ಅನ್ನುವುದು ಅದರಲ್ಲಿ ಗೊತ್ತಾಗುವುದಿಲ್ಲ. ಬೇಸ್ ವಾದಕನ ಸ್ವರ ಗುರುತು ಸಿಗುವುದು ಮಧ್ಯದ ಕಂಪನಗಳಲ್ಲಿ, ಹೆಚ್ಚುಕಡಿಮೆ 200ರಿಂದ 1000 ಹರ್ಟ್ಜ್‌ನೊಳಗೆ. ಈಕ್ವಲೈಜರ್‌ನಲ್ಲಿ ಬೇಸ್ ಗುಂಡಿಯನ್ನು ಪೂರ್ತಿ ತಿರುಗಿಸಿದರೆ ಬೇಸ್ ಗಿಟಾರ್ ಇನ್ನೂ ಮಸುಕಾಗುತ್ತದೆ.

ಕೇಳುವ ಕ್ರಮ ಹೀಗಿರಲಿ. ಹಾಡಿನ ಪಲ್ಲವಿಯಷ್ಟನ್ನೇ ತೆಗೆದುಕೊಳ್ಳಿ. ಮೊದಲ ಸಲ ಡ್ರಮ್ಮಿನ ಕಾಲುಪೆಟ್ಟು ಅಥವಾ ತಬಲಾದ ಡಗ್ಗಾ ಎಲ್ಲಿ ಬೀಳುತ್ತದೆ ಅಂತ ಮಾತ್ರ ಕೇಳಿ. ಎರಡನೇ ಸಲ ಆ ಪೆಟ್ಟಿನ ಜೊತೆಗೆ ಯಾವ ಸ್ವರ ಕೂಡುತ್ತದೆ ಅಂತ ಗುನುಗಿ. ಮೂರನೇ ಸಲ ಆ ಸ್ವರ ಎಲ್ಲಿ ನಿಲ್ಲುತ್ತದೆ ಅಂತ ನೋಡಿ. ಈ ಮೂರನೆಯದನ್ನು ನೂರಕ್ಕೆ ತೊಂಬತ್ತು ಜನ ಬಿಡುತ್ತಾರೆ, ಬೇಸ್ ಕಲೆಯ ಅರ್ಧ ಇರುವುದೇ ಅಲ್ಲಿ. ಇಷ್ಟು ಮಾಡಿದರೂ ಬೇಸ್ ಸಿಗದಿದ್ದರೆ, ಶ್ರುತಿ ಬದಲಿಸುವ ಯಾವುದಾದರೂ ಆ್ಯಪ್‌ನಲ್ಲಿ ಹಾಡನ್ನು 12 ಸೆಮಿಟೋನ್, ಅಂದರೆ ಪೂರ್ತಿ ಒಂದು ಸ್ಥಾಯಿ, ಮೇಲಕ್ಕೆ ಏರಿಸಿ. ಗಾಯಕರ ದನಿ ಇಲಿಮರಿಯದಾಗುತ್ತದೆ, ಬೇಸ್ ಮಾತ್ರ ಗಿಟಾರಿನ ಜಾಗಕ್ಕೆ ಬಂದು ಸ್ಪಷ್ಟವಾಗಿ ಕೇಳುತ್ತದೆ.

ಈಗ ಆ ಹಠಮಾರಿ ನಂಬಿಕೆಗೆ ಬರೋಣ: "ಮೊದಲು ಗಿಟಾರ್, ಆಮೇಲೆ ಬೇಸ್." ಇದರ ಇನ್ನೊಂದು ರೂಪ, "ಗಿಟಾರ್ ಬರದವರು ಬೇಸ್ ಹಿಡೀತಾರ, ನಾಕೇ ತಂತಿ ಅಲ್ಲೇನು."

ಈ ಮಾತು ಹುಟ್ಟಲು ಕಾರಣ ಇದೆ. ಬೀಟಲ್ಸ್ ತಂಡದ ಮೊದಲ ಬೇಸ್ ವಾದಕ ಸ್ಟುವರ್ಟ್ ಸಟ್‌ಕ್ಲಿಫ್ 1961ರಲ್ಲಿ ತಂಡ ಬಿಟ್ಟರು. ಉಳಿದ ಗಿಟಾರಿಗರಲ್ಲಿ ಯಾರಿಗೂ ಬೇಸ್ ಬೇಕಿರಲಿಲ್ಲ, ಅದು ಪಾಲ್ ಮೆಕಾರ್ಟ್ನಿ ಕೊರಳಿಗೆ ಬಿತ್ತು. ಅವರು ಹ್ಯಾಂಬರ್ಗ್‌ನಲ್ಲಿ ಪಿಟೀಲು ಆಕಾರದ ಹಾಫ್ನರ್ ಬೇಸ್ ಕೊಂಡರು. ಕ್ಯಾರಲ್ ಕೇ ಅವರೂ ಗಿಟಾರ್ ವಾದಕಿಯೇ. 1963ರಲ್ಲಿ ಒಂದು ರೆಕಾರ್ಡಿಂಗಿಗೆ ಬೇಸ್‌ನವರು ಬರಲಿಲ್ಲ ಅಂತ ಬೇಸ್ ಎತ್ತಿಕೊಂಡವರು ಮುಂದೆ ಲಾಸ್ ಏಂಜಲೀಸ್ ಸ್ಟುಡಿಯೋಗಳ ಮುಖ್ಯ ಬೇಸ್ ವಾದಕಿಯಾದರು. ಗಿಟಾರ್ ಪಕ್ಷದವರು ಎತ್ತಿ ಹೇಳುವುದು ಇವರಿಬ್ಬರನ್ನೇ.

ಉಳಿದವರನ್ನು ನೋಡಿ. ಬೇಸ್ ಗಿಟಾರಿನ ಮಾತು ಬಂದಲ್ಲೆಲ್ಲ ಮೊದಲು ಹೆಸರು ಬರುವ ಜೇಮ್ಸ್ ಜೇಮರ್ಸನ್, ಡೆಟ್ರಾಯ್ಟ್‌ನ ಶಾಲೆಯಲ್ಲಿ ಕಲಿತದ್ದು ನಿಂತು ನುಡಿಸುವ ದೊಡ್ಡ ಡಬಲ್ ಬೇಸ್. ಫ್ರೆಟ್‌ಲೆಸ್ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ, ಅಂದರೆ ಫ್ರೆಟ್ ಇಲ್ಲದ) ಬೇಸ್‌ಗೆ ಹೊಸ ದಾರಿ ಹಾಕಿದ ಜಾಕೋ ಪಾಸ್ಟೋರಿಯಸ್ ಡ್ರಮ್ ಹೊಡೆಯುತ್ತಿದ್ದವರು, ಫುಟ್‌ಬಾಲ್ ಆಡುವಾಗ ಮಣಿಕಟ್ಟಿಗೆ ಪೆಟ್ಟಾಗಿ ಡ್ರಮ್ ಕಷ್ಟವಾದ ಮೇಲೆ ಬೇಸ್‌ಗೆ ಬಂದರು. ಲೆಡ್ ಜೆಪ್ಪೆಲಿನ್‌ನ ಜಾನ್ ಪಾಲ್ ಜೋನ್ಸ್ ಹುಡುಗನಾಗಿದ್ದಾಗಲೇ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ರೆಡ್ ಹಾಟ್ ಚಿಲಿ ಪೆಪರ್ಸ್‌ನ ಫ್ಲೀ ಬಾರಿಸುತ್ತಿದ್ದದ್ದು ಟ್ರಂಪೆಟ್. ಮುಂಬೈನ ಮೋಹಿನಿ ಡೇ ಅವರ ತಂದೆಯೇ ಬೇಸ್ ವಾದಕ, ಮೂರನೇ ವಯಸ್ಸಿಗೇ ಅವರ ಕೈಗೆ ಬೇಸ್ ಕೊಟ್ಟವರು. ವಿಕ್ಟರ್ ವೂಟನ್ ಇನ್ನೂ ಕೂಸಾಗಿದ್ದಾಗ ಅಣ್ಣ ರೆಜಿ ತನ್ನ ಗಿಟಾರಿನ ಎರಡು ತಂತಿ ಬಿಚ್ಚಿ ಅದನ್ನೇ ಬೇಸ್ ಮಾಡಿ ಕೊಟ್ಟ. ಡ್ರಮ್, ಆರ್ಗನ್, ತುತ್ತೂರಿ, ಡಬಲ್ ಬೇಸ್, ಇಲ್ಲವೇ ಸೀದಾ ಬೇಸ್. ಎಷ್ಟು ಬಾಗಿಲಿವೆ ನೋಡಿ.

ಹೆಸರುಗಳನ್ನು ಬಿಡಿ, ಅಳತೆ ಹಿಡಿಯಿರಿ. ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬೇಸ್‌ನ ತಂತಿಯ ಉದ್ದ, ನಟ್‌ನಿಂದ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಬ್ರಿಜ್‌ಗೆ (ಬುಡದಲ್ಲಿ ತಂತಿ ಕೂರುವ ಜಾಗ), 34 ಇಂಚು. ಇವತ್ತಿಗೂ ಹೆಚ್ಚಿನ ಬೇಸ್‌ಗಳದ್ದು ಅಷ್ಟೇ. ಎಲೆಕ್ಟ್ರಿಕ್ ಗಿಟಾರಿನದು ಸಾಮಾನ್ಯವಾಗಿ 25.5 ಇಂಚು. ಹಾಗಾಗಿ ನಟ್‌ನಿಂದ ನಾಲ್ಕನೇ ಫ್ರೆಟ್‌ವರೆಗಿನ ದೂರ ಗಿಟಾರಿನಲ್ಲಿ ಸುಮಾರು 134 ಮಿಲಿಮೀಟರ್ ಇದ್ದರೆ ಬೇಸ್‌ನಲ್ಲಿ 178. ಗಿಟಾರಿನಲ್ಲಿ ಒಂದು ಫ್ರೆಟ್‌ಗೆ ಒಂದು ಬೆರಳು ಇಟ್ಟು ರೂಢಿಯಾದವನು ಬೇಸ್‌ನ ಕೆಳ ಫ್ರೆಟ್‌ಗಳಲ್ಲೂ ಅದನ್ನೇ ಮಾಡಲು ಹೋಗುತ್ತಾನೆ. ಮೂರೇ ವಾರದಲ್ಲಿ ಮಣಿಕಟ್ಟು ನೋವು. ಅಲ್ಲಿ ಡಬಲ್ ಬೇಸ್‌ನವರ ಕ್ರಮವೇ ಸರಿ: ಮೂರು ಫ್ರೆಟ್‌ಗೆ ತೋರುಬೆರಳು, ನಡುಬೆರಳು, ಕಿರುಬೆರಳು. ಉಂಗುರಬೆರಳು ಕಿರುಬೆರಳಿಗೆ ಜೊತೆಯಾಗಿ ಒತ್ತುತ್ತದೆ. ಐದನೇ ಫ್ರೆಟ್ ದಾಟಿದ ಮೇಲೆ ಒಂದಕ್ಕೊಂದು ಬೆರಳು ಇಡಬಹುದು. ಹೆಬ್ಬೆರಳು ಕತ್ತಿನ ಹಿಂದೆ ನಡುಮಧ್ಯದಲ್ಲಿರಲಿ. ಗಿಟಾರಿಗರ ಹಾಗೆ ಮೇಲಿಂದ ಇಣುಕಿದರೆ ಕಿರುಬೆರಳು ಗಿಡ್ಡವಾಯಿತು ಅಂತಲೇ ತಿಳಿಯಿರಿ.

ತಂತಿಯದೂ ಇದೇ ಕಥೆ. ಗಿಟಾರಿನ ಒಂದೊಂದು ತಂತಿಯ ಬಿಗಿತ 7ರಿಂದ 9 ಕಿಲೋ ತೂಕದಷ್ಟು, ಬೇಸ್‌ನದು ಅದರ ಎರಡು ಪಟ್ಟು, ಕೆಲವಕ್ಕೆ ಇನ್ನೂ ಹೆಚ್ಚು. ಗಿಟಾರಿನಲ್ಲಿ ಎಡಗೈ ಬೆರಳ ತುದಿ ಗಟ್ಟಿಯಾಗಿರಬಹುದು, ಬೇಸ್‌ನಲ್ಲಿ ಮೊದಲು ಗುಳ್ಳೆ ಏಳುವುದು ಬಲಗೈಯ ತೋರುಬೆರಳು, ನಡುಬೆರಳಿಗೆ. ಹದಿನೈದು ನಿಮಿಷದಂತೆ ದಿನಕ್ಕೆರಡು ಸಲ ಕೂತರೆ ಸಾಕು. ಗುಳ್ಳೆ ಎದ್ದರೆ ಒಡೆಯಬೇಡಿ, ಎರಡು ದಿನ ಕೈ ತಡೆಯಿರಿ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ತಂತಿಯನ್ನು ಸುಮ್ಮನಿರಿಸುವುದರಲ್ಲಿದೆ. ಗಿಟಾರಿನಲ್ಲಿ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿದು ಎಲ್ಲಾ ತಂತಿ ಮೊಳಗಲು ಬಿಡುವುದೇ ಸೊಗಸು. ಬೇಸ್‌ನ ಕೆಳಸ್ಥಾಯಿಯಲ್ಲಿ ಎರಡು ತಂತಿ ಒಟ್ಟಿಗೆ ಮೊಳಗಿದರೆ ಸ್ವರ ಕೆಸರಾಗುತ್ತದೆ. ಎ ತಂತಿ ನುಡಿಸುವಾಗ ಬಲಗೈ ಹೆಬ್ಬೆರಳು ಇ ತಂತಿಯ ಮೇಲೆ ಒರಗಿರಬೇಕು. ಡಿ ತಂತಿಗೆ ಹೋದರೆ ಹೆಬ್ಬೆರಳು ಎ ತಂತಿಗೆ ಇಳಿಯಬೇಕು, ಅದರ ಬದಿ ಇ ತಂತಿಯನ್ನೂ ಮುಟ್ಟಿರಬೇಕು. ಕೆಳಗಿನ ಸಣ್ಣ ತಂತಿಗಳನ್ನು ಎಡಗೈ ತೋರುಬೆರಳು ಚಪ್ಪಟೆಯಾಗಿ ಮುಟ್ಟಿ ತಡೆಯುತ್ತದೆ. ಎರಡು ವರ್ಷ ಗಿಟಾರ್ ಕಲಿತು ಬಂದವನು ಈ ಮೊಳಗುವ ಚಟ ಬಿಡಲು ಆರು ತಿಂಗಳು ಒದ್ದಾಡುತ್ತಾನೆ, ಏನೂ ಬಾರದವನು ಮೊದಲ ವಾರದಿಂದಲೇ ಸರಿಯಾಗಿ ಕಲಿಯುತ್ತಾನೆ. ಸಿಕ್ಕ ಖಾಲಿ ಜಾಗವನ್ನೆಲ್ಲ ತುಂಬುವ ಗಿಟಾರಿಗರ ಆತುರದ ಬಗ್ಗೆ ಹೇಳುವುದೇ ಬೇಡ.

ಹಾಗಂತ ಗಿಟಾರ್ ಕಲಿತದ್ದು ದಂಡ ಅಂತ ನಾನು ಹೇಳುತ್ತಿಲ್ಲ. ಗಿಟಾರಿನ ಮೇಲಿನ ನಾಲ್ಕು ದಪ್ಪ ತಂತಿಗಳ ಹೆಸರೇ ಬೇಸ್‌ಗೂ, ಒಂದು ಸ್ಥಾಯಿ ಕೆಳಗೆ ಅಷ್ಟೇ. ಕಾರ್ಡುಗಳ ಪರಿಚಯ ಉಪಯೋಗಕ್ಕೆ ಬರುತ್ತದೆ. ಆದರೆ ಹಾರ್ಮೋನಿಯಂ ಬರುವವನಿಗೂ, ತಬಲಾ ಬರುವವನಿಗೂ ಅಷ್ಟೇ ಲಾಭ ಇದೆ. ನನ್ನನ್ನು ಕೇಳಿದರೆ ತಬಲಾದ ಕೆಹರವಾ ತಾಳ ಬರುವ ಹುಡುಗ ಒಂದು ಹೆಜ್ಜೆ ಮುಂದೆಯೇ ಇರುತ್ತಾನೆ. ಕ್ಲಾಸಿನವರು ಗಿಟಾರ್ ಮೊದಲು ಅನ್ನುವುದಕ್ಕೆ ನಿಜವಾದ ಕಾರಣ ಬಹಳ ಸಲ ಇಷ್ಟೇ: ಅಲ್ಲಿ ಗಿಟಾರ್ ಇರುತ್ತದೆ, ಬೇಸ್ ಇರುವುದಿಲ್ಲ. ಬೇಸ್ ತರಬೇಕೆಂದರೆ ದುಡ್ಡು ಜಾಸ್ತಿ, ಜೊತೆಗೆ ಆಂಪ್ಲಿಫೈಯರ್ ಬೇರೆ. ಅದನ್ನು ನೇರವಾಗಿ ಹೇಳಿದರೆ ಯಾರಿಗೂ ಬೇಸರವಿಲ್ಲ.

ಜೇಮರ್ಸನ್ ವಿಷಯಕ್ಕೆ ಮತ್ತೆ ಬರುತ್ತೇನೆ. ಹಾಡು ಬಾಯಿಪಾಠ ಇಲ್ಲದಿದ್ದರೂ ಕೇಳಲೇಬೇಕಾದವರು ಅವರು. 1960ರ ದಶಕದಲ್ಲಿ ಡೆಟ್ರಾಯ್ಟ್‌ನ ಮೋಟೌನ್ ಕಂಪನಿಯ ಲೆಕ್ಕವಿಲ್ಲದಷ್ಟು ಹಾಡುಗಳಿಗೆ ಬೇಸ್ ಅವರದು, ಹೆಸರು ಮಾತ್ರ ರೆಕಾರ್ಡಿನ ಮೇಲೆ ಬರುತ್ತಿರಲಿಲ್ಲ. ಮಾರ್ವಿನ್ ಗೇ ಅವರ 1971ರ ಆಲ್ಬಂನಲ್ಲಿ ವಾದಕರ ಹೆಸರು ಅಚ್ಚಾಯಿತು. ಬಲಗೈಯ ಒಂದೇ ಒಂದು ತೋರುಬೆರಳಿನಿಂದ ಮೀಟುತ್ತಿದ್ದರು. ನುಣುಪು ಹೊದಿಕೆಯ ದಪ್ಪ ತಂತಿ, ಅದನ್ನೂ ಕಡಿಯುವ ತನಕ ಬದಲಿಸುತ್ತಿರಲಿಲ್ಲ. ಬ್ರಿಜ್‌ನ ಮುಚ್ಚಳದ ಕೆಳಗೆ ಒಂದು ತುಂಡು ಸ್ಪಂಜು, ಮೊಳಗು ಕಡಿಮೆಯಾಗಲಿ ಅಂತ. ಈ ಕೊನೆಯದನ್ನು ನೀವೂ ಮಾಡಬಹುದು: ಪಾತ್ರೆ ತೊಳೆಯುವ ಹೊಸ ಸ್ಪಂಜಿನಿಂದ ಬೆರಳು ಗಾತ್ರದ ಪಟ್ಟಿ ಕತ್ತರಿಸಿ ಬ್ರಿಜ್‌ಗೆ ಒತ್ತಿದಂತೆ ತಂತಿಗಳ ಕೆಳಗೆ ತುರುಕಿ. ಸ್ವರ ಗಿಡ್ಡವಾಗಿ ದುಂಡಗೆ ಬರುತ್ತದೆ. ಸ್ಪಂಜು ತಂತಿಯನ್ನು ಮೇಲಕ್ಕೆ ಎತ್ತುವಷ್ಟು ದಪ್ಪವಾದರೆ ಶ್ರುತಿ ಏರುತ್ತದೆ, ತೆಳ್ಳಗೆ ಮಾಡಿ.

ಆಮೇಲೆ ಬಾಬ್ ಮಾರ್ಲಿ ತಂಡದ ಆಸ್ಟನ್ ಬ್ಯಾರೆಟ್. ಸ್ವರ ಕಡಿಮೆ, ಮೌನ ಜಾಸ್ತಿ, ಆದರೂ ಹಾಡು ಅವರ ಹೆಗಲ ಮೇಲೇ ನಡೆಯುತ್ತದೆ. ಜಾಕೋನ 1976ರ ಮೊದಲ ಆಲ್ಬಂ ಕೇಳಿ ಹುಚ್ಚು ಹಿಡಿದರೆ ಹಿಡಿಯಲಿ, ಪಾಠ ಮಾತ್ರ ಅಲ್ಲಿಂದ ಶುರು ಮಾಡಬೇಡಿ. ಹೆಬ್ಬೆರಳಿಂದ ತಂತಿಗೆ ಬಡಿಯುವ ಸ್ಲ್ಯಾಪ್ ಕೇಳಿಯೇ ಬೇಸ್‌ಗೆ ಮನಸೋತವರಿಗೆ ಒಂದು ಮಾತು: ಅದನ್ನು ಬೆಳೆಸಿದ ಲ್ಯಾರಿ ಗ್ರಹಾಂ, ತಾಯಿಯ ತಂಡದಲ್ಲಿ ಡ್ರಮ್ಮರ್ ಇಲ್ಲದಾಗ ಡ್ರಮ್ಮಿನ ಕೆಲಸವನ್ನೂ ಬೇಸ್‌ನಿಂದಲೇ ಮಾಡಲು ಹಾಗೆ ಬಡಿಯತೊಡಗಿದ್ದು. ಅದರಲ್ಲೂ ಮೊದಲು ಬರುವುದು ತಾಳವೇ.

ಐದು ತಂತಿಯ ಬೇಸ್ ಕೊಳ್ಳಲೇ ಅಂತ ಕೇಳುವವರಿಗೆ: ಬೇಡ, ನಾಲ್ಕು ಸಾಕು. ಕೊಂಡ ಬೇಸನ್ನು ಮನೆಯ ಚಿಕ್ಕ ಗಿಟಾರ್ ಆಂಪ್‌ಗೆ ಹಾಕಿ ವಾಲ್ಯೂಮ್ ಏರಿಸಬೇಡಿ, ಸ್ಪೀಕರಿನ ಕಾಗದ ಹರಿಯುತ್ತದೆ. ಕೀಬೋರ್ಡ್ ಆಂಪ್ ನಡೆಯುತ್ತದೆ. ಗುಂಯ್ ಅನ್ನುವ ಸದ್ದು ನಿರಂತರ ಬಂದು, ತಂತಿ ಮುಟ್ಟಿದ ಕೂಡಲೇ ಕಡಿಮೆಯಾದರೆ ಮೊದಲು ಪ್ಲಗ್ಗಿನ ಅರ್ಥಿಂಗ್ ನೋಡಿ. ನಮ್ಮ ಹಳೇ ಮನೆಗಳಲ್ಲಿ ಮೂರು ರಂಧ್ರ ಇರುತ್ತವೆ, ಮೂರನೆಯದಕ್ಕೆ ವೈರೇ ಇರುವುದಿಲ್ಲ. ಇದು ಬರೀ ಸದ್ದಿನ ಪ್ರಶ್ನೆಯಲ್ಲ, ಶಾಕ್ ಹೊಡೆಯುವ ಅಪಾಯವೂ ಇದೆ. ಎಲೆಕ್ಟ್ರಿಷಿಯನ್ನನ್ನು ಕರೆಸಿ. ಏಪ್ರಿಲ್-ಮೇ ಬಿಸಿಲಿಗೆ ಪತ್ರಾಸಿನ ಕೋಣೆಯಲ್ಲಿ ಬೇಸ್ ಇಟ್ಟರೆ ಕತ್ತಿನ ಬಾಗು ಬದಲಾಗುತ್ತದೆ. ಮೊದಲ ಫ್ರೆಟ್ ಮತ್ತು ಕೊನೆಯ ಫ್ರೆಟ್‌ಗಳಲ್ಲಿ ತಂತಿ ಒತ್ತಿ ಹಿಡಿದು ಏಳು-ಎಂಟನೇ ಫ್ರೆಟ್ ಬಳಿ ನೋಡಿ: ವಿಸಿಟಿಂಗ್ ಕಾರ್ಡ್ ತೂರುವಷ್ಟು, ಸುಮಾರು 0.3 ಮಿಲಿಮೀಟರ್ ಸಂದು ಇರಬೇಕು. ಹೆಚ್ಚಿದ್ದರೆ ಟ್ರಸ್ ರಾಡನ್ನು (ಕತ್ತಿನೊಳಗಿನ ಲೋಹದ ಸರಳು) ಗಡಿಯಾರದ ದಿಕ್ಕಿಗೆ ಕಾಲು ಸುತ್ತು ಬಿಗಿ ಮಾಡಿ, ಒಂದು ದಿನ ಬಿಟ್ಟು ಮತ್ತೆ ನೋಡಿ. ಒಂದೇ ಸಲ ಜಾಸ್ತಿ ತಿರುಗಿಸಬೇಡಿ.

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಕೇಳಬೇಕಿತ್ತು: ನಮ್ಮ ಭಜನೆ, ವಚನ, ಕವ್ವಾಲಿಗೆ ಬೇಸ್ ಹೊಂದುತ್ತದೆಯೇ? ಕಲಬುರಗಿಯಲ್ಲಿ ಬೇಸ್ ಕಲಿತವನಿಗೆ ರಾಕ್ ಬ್ಯಾಂಡ್ ಸಿಗುವುದಕ್ಕಿಂತ ಮೊದಲು ಸಿಗುವುದು ಇವೇ, ಅದಕ್ಕೆ ಹೇಳುತ್ತಿದ್ದೇನೆ.

ಹೊಂದುತ್ತದೆ, ಬಾಯಿ ಕಟ್ಟಿಕೊಂಡಿದ್ದರೆ. ಗಾಯಕರು ಕಾಲಿ ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಹಾಡುತ್ತಾರೆ ಅನ್ನಿ, ಅಂದರೆ ಷಡ್ಜ ಸಿ ಶಾರ್ಪ್. ಎ ತಂತಿಯ ನಾಲ್ಕನೇ ಫ್ರೆಟ್ ಸಾ. ಅದೇ ಫ್ರೆಟ್‌ನಲ್ಲಿ ಇ ತಂತಿ ಕೆಳಗಿನ ಪಂಚಮ, ಡಿ ತಂತಿ ಮಧ್ಯಮ. ಜಿ ತಂತಿಯ ಆರನೇ ಫ್ರೆಟ್ ಮೇಲಿನ ಸಾ. ಕೈ ಒಂದೇ ಜಾಗದಲ್ಲಿ ಕೂತು ಇಷ್ಟೂ ಸಿಗುತ್ತವೆ. ಕಾಲಿ ಎರಡಾದರೆ ಇಡೀ ಕೈಯನ್ನು ಎರಡು ಫ್ರೆಟ್ ಸರಿಸಿದರಾಯಿತು. ಶ್ರುತಿಯನ್ನು ಹಾರ್ಮೋನಿಯಂಗೆ ಕೂಡಿಸಿ, ಮೊಬೈಲಿನ ಟ್ಯೂನರ್‌ಗೆ ಬೇಡ. ಹಳೇ ಪೆಟ್ಟಿಗೆಯ ರೀಡು ಟ್ಯೂನರ್ ಹೇಳಿದ ಜಾಗದಲ್ಲಿ ಇರುವುದು ಅಪರೂಪ. ಬೇರೆ ಕಡೆ ಟ್ಯೂನರ್ ಬಳಸುವಾಗ ಇ ತಂತಿಯನ್ನು ಅದು ಹಿಡಿಯದೆ ಒದ್ದಾಡಿದರೆ 12ನೇ ಫ್ರೆಟ್ ಮೇಲೆ ತಂತಿಯನ್ನು ಒತ್ತದೆ ಬರೀ ಮುಟ್ಟಿ ಮೀಟಿ, ಆಗ ಹಿಡಿಯುತ್ತದೆ.

ಕೆಹರವಾದ ಎಂಟು ಮಾತ್ರೆಯಲ್ಲಿ, ಧಾ ಗೆ ನ ತಿ, ನ ಕ ಧಿ ನ, ಡಗ್ಗಾ ತೆರೆದು ನುಡಿಯುವುದು ಒಂದು, ಎರಡು ಮತ್ತು ಏಳನೇ ಮಾತ್ರೆಗೆ. ಒಂದಕ್ಕೆ ಸಾ ಹಿಡಿದು ನಾಲ್ಕರೊಳಗೆ ನಿಲ್ಲಿಸಿ. ಐದು ಖಾಲಿ, ಅಲ್ಲಿ ನೀವೂ ಸುಮ್ಮನಿರಿ. ಏಳಕ್ಕೆ ಗಿಡ್ಡವಾಗಿ ಪಂಚಮ. ಡಗ್ಗಾದ ಗುಂಕಾರವೂ ಬೇಸ್ ಸ್ವರವೂ ಒಂದೇ ಎತ್ತರದ ಆಸುಪಾಸಿನಲ್ಲಿ ಇರುವುದರಿಂದ ಎರಡೂ ಉದ್ದಕ್ಕೆ ಮೊಳಗಿದರೆ ಒಂದೂ ಕೇಳುವುದಿಲ್ಲ.

ಸಿನಿಮಾ ಹಾಡಿನ ಚಟಕ್ಕೆ ಬಿದ್ದು ಕಾರ್ಡ್ ಬದಲಿಸಲು ಹೋಗುವುದೇ ಇಲ್ಲಿ ಆಗುವ ಅನಾಹುತ. ಗಾಯಕರು ಸಾ ಮೇಲೆ ನಿಂತಿದ್ದಾಗ ನೀವು ಬೇಸ್‌ನಲ್ಲಿ ಶುದ್ಧ ಧೈವತ ಹಿಡಿದರೆ, ಅವರ ಸಾ ಕೇಳುವವರ ಕಿವಿಗೆ ಕೋಮಲ ಗಂಧಾರವಾಗಿ ಬೀಳುತ್ತದೆ. ಮಧ್ಯಮ ಹಿಡಿದರೆ ಅದೇ ಸಾ ಪಂಚಮವಾಗುತ್ತದೆ. ಅವರು ಯಮನ್ ಹಾಡುತ್ತಿರುತ್ತಾರೆ, ನೀವು ಕೆಳಗೆ ಬೇರೆ ರಾಗದ ನೆಲ ಹಾಸಿರುತ್ತೀರಿ. ಗಾಯಕರು ತಿರುಗಿ ನೋಡಿದರೆ ಕಾರಣ ಇದೇ. ಸಾ ಮತ್ತು ಪ ಬಿಟ್ಟು ಬೇರೆ ಸ್ವರಕ್ಕೆ ಹೋಗುವ ಮೊದಲು ತಾಲೀಮಿನಲ್ಲಿ ಗಾಯಕರಿಗೆ ಕೇಳಿಸಿ, ಹೂಂ ಅಂದರೆ ಮಾತ್ರ ಸಭೆಯಲ್ಲಿ ನುಡಿಸಿ. ಪಂಚಮ ವರ್ಜ್ಯವಾದ ಮಾಲಕಂಸದಂಥ ರಾಗ ಬಂದರೆ ಪ ಕೂಡ ಬೇಡ. ಸಾ ಜೊತೆಗೆ ಅದೇ ನಾಲ್ಕನೇ ಫ್ರೆಟ್‌ನ ಮಧ್ಯಮ ಹಿಡಿಯಿರಿ, ತಂಬೂರಿಯವರೂ ಅಲ್ಲಿ ಅದನ್ನೇ ಮಾಡುತ್ತಾರೆ.